ನೆಟ್‌ವರ್ಕ್ ಹಾರ್ಡ್‌ವೇರ್ ಸಂಶೋಧನೆಗೆ ಹೋದವರು ಇದ್ದೀರಾ?

ಗೋಣಿಕೊಪ್ಪದಿಂದ ಒಬ್ಬ ತಾಯಿ:
ಮಗಳು ಇಸಿ ಇಂಜಿನಿಯರಿಂಗ್ ಮೂರನೇ ವರ್ಷ. ಸೂಪರ್‌ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್, ನೆಟ್‌ವರ್ಕ್ ಕಾರ್ಡ್‌ಗಳ ಸಂಶೋಧನೆಯೇ ಬೇಕು ಅನ್ನುತ್ತಾಳೆ. ಮನೆಯಲ್ಲಿ ಎಲ್ಲರೂ ಸಾಫ್ಟ್‌ವೇರ್‌ಗೆ ಸೇರು ಅಂತಾರೆ. ಗೊತ್ತಿದ್ದವರು ದಾರಿ ಹೇಳಿ.

ಮಡಿಕೇರಿಯವರು, ಈಗ ಬೆಂಗಳೂರಿನಲ್ಲಿ ಚಿಪ್ ಡಿಸೈನ್:
ಅಕ್ಕ, ಅವಳಿಗೆ ಮೊದಲು ಒಂದು ಲೆಕ್ಕ ಕೊಡಿ. ಈಥರ್ನೆಟ್ ಅಂದರೆ ಕಂಪ್ಯೂಟರ್‌ಗಳನ್ನು ಜೋಡಿಸುವ ಸಾಮಾನ್ಯ ನೆಟ್‌ವರ್ಕ್; ಅದರ ಅತಿ ಚಿಕ್ಕ ಫ್ರೇಮ್ (ಡೇಟಾದ ಒಂದು ಪ್ಯಾಕೆಟ್) 64 ಬೈಟ್. ಹಿಂದುಮುಂದಿನ ಜಾಗ ಸೇರಿ ಲೈನ್ ಮೇಲೆ 84 ಬೈಟ್. 100 ಗಿಗಾಬಿಟ್ ಲೈನ್‌ನಲ್ಲಿ ಇಂಥದ್ದು 6.72 ನ್ಯಾನೋಸೆಕೆಂಡಿಗೊಂದು ಬರುತ್ತದೆ. 1 ಗಿಗಾಹರ್ಟ್ಸ್ ಚಿಪ್‌ಗೆ ಅದು ಆರೇಳು ಕ್ಲಾಕ್ (ಚಿಪ್‌ನ ಬಡಿತ) ಅಷ್ಟೇ! ಒಂದು ಪ್ಯಾಕೆಟ್ ದಾಟಲು ಜಾಸ್ತಿ ಹೊತ್ತು ಹಿಡಿಯಬಹುದು, ಆದರೆ ಹಿಂದೆ ಬರುವುದನ್ನು ತಡೆಯುವ ಹಾಗಿಲ್ಲ. ಈಗ 800 ಗಿಗಾಬಿಟ್‌ನ 64 ಪೋರ್ಟ್ ಇರುವ, ಒಟ್ಟು 51.2 ಟೆರಾಬಿಟ್‌ನ ಚಿಪ್‌ಗಳೇ ಮಾರುಕಟ್ಟೆಯಲ್ಲಿವೆ. ಅಲ್ಲಿ ಬಫರ್ (ಪ್ಯಾಕೆಟ್‌ಗಳು ಕಾಯುವ ಮೆಮೊರಿ) ಎಷ್ಟಿರಬೇಕು, ನೂರಾರು ಸರ್ವರ್ ಒಂದೇ ಕಡೆ ಒಟ್ಟಿಗೆ ಕಳಿಸಿದರೆ ಯಾರನ್ನು ನಿಧಾನ ಮಾಡಿಸಬೇಕು? ಎಐ ತರಬೇತಿಯಲ್ಲಿ ಒಂದು ಪ್ಯಾಕೆಟ್ ತಡವಾದರೂ ಸಾವಿರಾರು ಜಿಪಿಯು ಕಾಯುತ್ತಾ ಕೂರಬೇಕಾಗುತ್ತದೆ. ಈ ಪ್ರಶ್ನೆ ಅವಳ ನಿದ್ದೆ ಕೆಡಿಸಿದರೆ ಕಳಿಸಿ, ತಡೆಯಬೇಡಿ.

ವಿರಾಜಪೇಟೆಯವರು, ಪಿಎಚ್‌ಡಿ ಮಾಡುತ್ತಿದ್ದೇನೆ:
ಕೋರ್ಸ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಚಿಪ್ ಡಿಸೈನನ್ನು ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಇಕಾರಸ್ ವೆರಿಲಾಗ್, ಅದರ ಸಿಗ್ನಲ್‌ಗಳನ್ನು ಚಿತ್ರವಾಗಿ (ವೇವ್‌ಫಾರ್ಮ್) ತೋರಿಸುವ ಜಿಟಿಕೆವೇವ್ ಎರಡೂ ಉಚಿತ, ಸಾದಾ ಲ್ಯಾಪ್‌ಟಾಪ್‌ನಲ್ಲೂ ಓಡುತ್ತವೆ. ಒಮ್ಮೆ ಹಾಕಿಕೊಂಡರೆ ಕಕ್ಕಡದ ಮಳೆಗೆ ನೆಟ್ ಹೋದರೂ ಕೆಲಸ ನಿಲ್ಲದು. ಮೊದಲು ಒಂದು ಫಿಫೋ (ಮೊದಲು ಬಂದದ್ದು ಮೊದಲು ಹೋಗುವ ಸಾಲು) ಬರೆಯಲಿ. ಆಮೇಲೆ ನಾಲ್ಕು ಪೋರ್ಟ್‌ನ ರೌಂಡ್ ರಾಬಿನ್ ಆರ್ಬಿಟರ್, ಅಂದರೆ ಸರದಿಯಂತೆ ದಾರಿ ಬಿಡುವ ಸರ್ಕ್ಯೂಟ್. ನಾಲ್ವರೂ ಒಂದೇ ಕ್ಲಾಕ್‌ನಲ್ಲಿ ಒಂದೇ ಔಟ್‌ಪುಟ್ ಕೇಳಿದಾಗ ಗ್ರಾಂಟ್ (ಅನುಮತಿ) ಸಿಗ್ನಲ್ ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಹೋಗುತ್ತದೆ ಅಂತ ವೇವ್‌ಫಾರ್ಮ್‌ನಲ್ಲಿ ಕಣ್ಣಾರೆ ನೋಡಲಿ. ಪ್ಯಾಕೆಟ್‌ಗಳನ್ನು ಏನು ಮಾಡಬೇಕು ಅಂತ ಸ್ವಿಚ್‌ಗೆ ಹೇಳುವ ಪಿ4 ಭಾಷೆ ಅದಾದ ಮೇಲೆ. ಕ್ಯೂಯಿಂಗ್ ಥಿಯರಿ (ಸಾಲಿನಲ್ಲಿ ಕಾಯುವುದರ ಗಣಿತ) ಮಾತ್ರ ಬಿಡಬಾರದು, ಪೇಪರ್ ಓದುವಾಗ ಅದಿಲ್ಲದೆ ಕೈಕಾಲು ಆಡುವುದಿಲ್ಲ.

ಕುಶಾಲನಗರದಿಂದ, ಮಗ ಇದೇ ದಾರಿಯಲ್ಲಿದ್ದಾನೆ:
ಸಂಶೋಧನೆ ಅಂದರೆ ಬಿಇ ಸಾಲದು. ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂಟೆಕ್ ಮಾಡಲಿ, ಐಐಎಸ್‌ಸಿಯಲ್ಲಿ ಎಂಟೆಕ್ ರಿಸರ್ಚ್ ಇದೆ. ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕೂಡ ನೋಡಿ, ತ್ರಿನೇತ್ರ ಅನ್ನುವ ಸೂಪರ್‌ಕಂಪ್ಯೂಟರ್ ನೆಟ್‌ವರ್ಕ್ ಅವರೇ ಮಾಡಿದ್ದು. ಜೊತೆಯವರು ಸಂಬಳ ಎಣಿಸುವಾಗ ಇವಳು ಫೆಲೋಶಿಪ್‌ನಲ್ಲಿ ಇರುತ್ತಾಳೆ, ಅಲ್ವಾ? ಆ ವರ್ಷಗಳಲ್ಲಿ ಮನೆಗೆ ಹಣ ಕಳಿಸು ಅನ್ನಬೇಡಿ. ನಾವು ಹಾಗಂತ ಮೊದಲೇ ಮಾತಾಡಿಕೊಂಡಿದ್ದೆವು, ಮಗ ನಿಶ್ಚಿಂತೆಯಿಂದ ಓದಿದ. ಅಕಸ್ಮಾತ್ ನಡುವೆ ಕೆಲಸ ಬೇಕಾದರೆ ಚಿಪ್ ವೆರಿಫಿಕೇಶನ್‌ಗೆ (ಡಿಸೈನ್ ಸರಿಯಿದೆಯಾ ಅಂತ ಪರೀಕ್ಷಿಸುವ ಕೆಲಸ) ಸೇರಬಹುದು, ಕಲಿತದ್ದೇನೂ ವ್ಯರ್ಥವಾಗದು.