ಅಪ್‌ಡೇಟ್: ನಮ್ಮ ಓದುಬಳಗದಲ್ಲಿ ‘ಚೋಮನ ದುಡಿ’ ಚರ್ಚೆ ಹೇಗಾಯ್ತು

ಹೋದ ತಿಂಗಳು ಕೇಳಿದ್ದೆ: ಮಡಿಕೇರಿಯ ನಮ್ಮ ಓದುಬಳಗದಲ್ಲಿ ಕಾರಂತರ ‘ಚೋಮನ ದುಡಿ’ ಇಟ್ಟುಕೊಂಡಿದ್ದೇವೆ, 1933ರ ಕಾದಂಬರಿ, ಮಾತು ಎಲ್ಲಿಂದ ಶುರು ಮಾಡಲಿ ಅಂತ. ‘ಪ್ರಶ್ನೆಗಳ ಪಟ್ಟಿ ಬೇಡ, ಒಂದು ಭಾಗ ಗಟ್ಟಿಯಾಗಿ ಓದಿ’ ಅಂದಿರಿ. ಹಾಗೇ ಮಾಡಿದೆವು. ತುಂಬಾ ಥ್ಯಾಂಕ್ಸ್.

ಕಾಫಿ ಕೊಯ್ಲು ಮುಗಿದ ಮೇಲೆ ಸೇರಿದೆವು. ಇಲ್ಲದಿದ್ದರೆ ಅರ್ಧ ಜನ ಬರುತ್ತಿರಲಿಲ್ಲ. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವ ಭಾಗ ಓದಿದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಲೈನ್ ಮನೆಯಲ್ಲಿ (ತೋಟದ ಕೆಲಸಗಾರರ ಸಾಲುಮನೆ) ಬೆಳೆದ ಅಕ್ಕ ಒಬ್ಬರು, ‘ನಮ್ಮಜ್ಜನೂ ಹೀಗೇ ಮುಂಗಡ ತಗೊಂಡು ಘಟ್ಟ ಹತ್ತಿದ್ದು’ ಅಂದರು. ಪಕ್ಕದಲ್ಲೇ ತೋಟದ ಮಾಲೀಕರೊಬ್ಬರು ಕೂತಿದ್ದರು. ‘ನಮ್ಮ ಮನೆಯ ಹಳೇ ಲೆಕ್ಕದ ಪುಸ್ತಕದಲ್ಲಿ ಅಂಥ ಹೆಸರುಗಳಿವೆ ಅಕ್ಕಾ, ಯಾರು ಏನು ಅಂತ ನಾವು ಕೇಳಿಯೇ ಇಲ್ಲ’ ಅಂದರು. ಇಬ್ಬರೂ ಒಂದು ಗಂಟೆ ಮಾತಾಡಿದರು. ನಾವೆಲ್ಲ ಸುಮ್ನೆ ಕೇಳಿದೆವು. ಚರ್ಚೆ ಅಂದರೆ ಇದೇ ಅಲ್ವಾ?

ಇನ್ನೊಬ್ಬರು ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಬಾರಿಸುವ ದುಡಿ ತಂದಿದ್ದರು. ನಡು ಸಣ್ಣಗಿರುವ ಪುಟ್ಟ ವಾದ್ಯ, ಹಗ್ಗ ಬೆವರಿಗೆ ಕಪ್ಪಾಗಿತ್ತು. ನಮ್ಮಲ್ಲಿ ಅದು ಹೊಸ ಭತ್ತ ಮನೆಗೆ ತರುವ ದಿನದ ಸದ್ದು. ಚೋಮನಿಗೆ ಎತ್ತಿದ್ದರೂ ಉಳಲು ನೆಲ ಸಿಗಲಿಲ್ಲ. ಕೊನೆಗೆ ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಆ ಪುಟ ಓದಿದ ಮೇಲೆ ಅವರು ನಾಲ್ಕೇಟು ಬಾರಿಸಿ ದುಡಿ ಕೆಳಗಿಟ್ಟರು.

ಮುಂದಿನ ತಿಂಗಳು ಕಾರಂತರದೇ ಕಾದಂಬರಿ ‘ಮರಳಿ ಮಣ್ಣಿಗೆ’. ಓದಲು ಜಾಸ್ತಿ ದಿನ ಬೇಕು, ಈಗಲೇ ಶುರು ಮಾಡಿದ್ದೇವೆ.