ಪಿಎಸ್5 ತಗೊಳ್ಳಲಾ, ಇಲ್ಲಾ ಕ್ಲೌಡ್‌ನಲ್ಲೇ ಆಡಲಾ? ಬೆಳಗಾವಿಯಿಂದ ಒಂದು ಪ್ರಶ್ನೆ

ಟಿಳಕವಾಡಿ ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪಿಎಸ್4 ಇದೆ (ಟಿವಿಗೆ ಜೋಡಿಸಿ ಆಡುವ ಸೋನಿಯ ಕನ್ಸೋಲ್, ಪ್ಲೇಸ್ಟೇಷನ್), ಎಂಟು ವರ್ಷ ಆಯ್ತು. ಈಗ ಅದರ ಫ್ಯಾನ್ ಶುರುವಾದರೆ ಪಕ್ಕದ ಮನೆ ಅಜ್ಜಿ "ಏನಪಾ, ಹಿಟ್ಟಿನ ಗಿರಣಿ ಹಾಕಿದ್ಯಾ?" ಅಂತ ಕೇಳುತ್ತಾರೆ. ಹೊಸದು ತಗೊಳ್ಳೋಣ ಅಂತ ಹೋದ ಗಣಪತಿ ಹಬ್ಬದಿಂದ ದುಡ್ಡು ಕೂಡಿಡುತ್ತಿದ್ದೇನೆ. ಆದರೆ ಮಷಿನ್ ಹಳೆಯದಾದಂತೆ ಬೆಲೆ ಇಳಿಯಬೇಕು ಅಲ್ವಾ? ಪಿಎಸ್5 2021ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂದಾಗ ಡಿಸ್ಕ್ ಇರುವುದಕ್ಕೆ 49,990 ಇತ್ತು, ಮರುವರ್ಷವೇ ಅದನ್ನು 54,990 ಮಾಡಿದರು. ನಾನು ಕೂಡಿಟ್ಟಷ್ಟೂ ಅದು ಮುಂದೆ ಓಡುತ್ತಿದೆ.

ಉದ್ಯಮಬಾಗದಲ್ಲಿ ಕೆಲಸ ಮಾಡುವ ನನ್ನ ಗೆಳೆಯ ಇದ್ದಾನೆ, ಅವನದು ಒಂದೇ ಮಾತು: "ಡಬ್ಬಿ ಯಾಕೆ ತಗೋತೀಯೋ, ಇನ್ನು ಎಲ್ಲಾ ಕ್ಲೌಡ್." ಅಂದರೆ ಆಟ ದೂರದ ಸರ್ವರ್‌ನಲ್ಲಿ ಓಡುತ್ತದೆ, ನಮಗೆ ಇಂಟರ್ನೆಟ್‌ನಲ್ಲಿ ಚಿತ್ರ ಮಾತ್ರ ಬರುತ್ತದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕ್ಲೌಡ್ 2025ರ ನವೆಂಬರ್‌ನಲ್ಲಿ ನಮ್ಮ ದೇಶಕ್ಕೂ ಬಂತಲ್ಲ, ಸರಿ ನೋಡೋಣ ಅಂತ ಒಂದು ತಿಂಗಳು ಹಾಕಿಸಿದೆ. ಮನೆಯಲ್ಲಿ 100 ಎಂಬಿಪಿಎಸ್ ಲೈನ್ ಇದೆ. ಮಧ್ಯಾಹ್ನ ಫೋರ್ಜಾ ಹರೈಜನ್ 5 ಅನ್ನೋ ಕಾರ್ ರೇಸ್ ಆಡಿದರೆ ಸುಳ್ಳು ಯಾಕೆ ಹೇಳಲಿ, ಬೆಣ್ಣೆ ತರಹ ಓಡುತ್ತದೆ. ರಾತ್ರಿ ಒಂಬತ್ತಾಯ್ತು ಅಂದರೆ ಕಥೆಯೇ ಬೇರೆ. ತಿರುವು ಬರುತ್ತದೆ, ಸ್ಟಿಕ್ ಎಡಕ್ಕೆ ಒತ್ತುತ್ತೇನೆ, ಗಾಡಿ ಸೀದಾ ಹೋಗಿ ಗೋಡೆಗೆ ಗುದ್ದುತ್ತದೆ, ಗುದ್ದಿದ ಮೇಲೆ ಎಡಕ್ಕೆ ತಿರುಗುತ್ತದೆ! ಚಿತ್ರ ಬೇರೆ ಮಸುಕಾಗಿ ಚೌಕ ಚೌಕ ಕಾಣುತ್ತದೆ. ಕಂಪನಿಗೆ ಫೋನ್ ಮಾಡಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಅಂತಾರೆ. ಸ್ಪೀಡ್ ಟೆಸ್ಟ್ ಮಾಡಿದರೆ ಆಗಲೂ 94 ತೋರಿಸುತ್ತದೆ.

ನಿಜ ಹೇಳಿ, ಕನ್ಸೋಲ್ ಕಾಲ ಮುಗೀತಾ? ನಾನು ತಗೊಂಡ ಮರುದಿನವೇ ಅದು ಹಳೇ ಸಾಮಾನಾಗುತ್ತದಾ?

ಗುಮ್ಮಟದ ನೆರಳು, ವಿಜಯಪುರ

ತಮ್ಮಾ, ನಾನು ಫೈಬರ್ ಲೈನ್ ಜೋಡಿಸುವ ಕೆಲಸದಲ್ಲಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ 94 ಅನ್ನೋದನ್ನು ಮರೆತುಬಿಡು. ಟಿವಿಯಲ್ಲಿ ಕ್ಲೌಡ್ ಆಟಕ್ಕೆ 20 ಎಂಬಿಪಿಎಸ್ ಇದ್ದರೆ ಸಾಕು. ನಿನ್ನ ತೊಂದರೆ ಸ್ಪೀಡ್ ಅಲ್ಲ, ತಡ.

ಗೋಳಗುಮ್ಮಟ ಹತ್ತಿದ್ದೀಯಾ? ಮೇಲಿನ ಗ್ಯಾಲರಿಯಲ್ಲಿ ಈ ಕಡೆಯಿಂದ ಆ ಕಡೆಗೆ ಸುಮಾರು 38 ಮೀಟರ್ ಅಗಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ನಾನು ಇಲ್ಲಿ ಚಪ್ಪಾಳೆ ಹೊಡೆದರೆ ಎದುರಿಗಿರುವ ನಿನಗೆ ಕೇಳೋದು 110 ಮಿಲಿಸೆಕೆಂಡ್ ಆದ ಮೇಲೆ. ಕೈ ಕೂಡಿದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸರಿಯಾಗಿ ನೋಡಿದರೆ ಗೊತ್ತಾಗುತ್ತದೆ. ಇಷ್ಟೇ ತಡ ಕೈ ಮತ್ತು ಗಾಡಿ ನಡುವೆ ಬಂದರೆ ಗೋಡೆಗೆ ಗುದ್ದೋದೇ. ಸೆಕೆಂಡಿಗೆ 60 ಚಿತ್ರ, ಅಂದರೆ 60 ಫ್ರೇಮ್ ತೋರಿಸುವ ಆಟದಲ್ಲಿ ಒಂದು ಫ್ರೇಮ್ ಅಂದರೆ ಬರೀ 16.7 ಮಿಲಿಸೆಕೆಂಡ್, ಅಷ್ಟು ಹೊತ್ತಿನಲ್ಲಿ ಆರು ಫ್ರೇಮ್ ದಾಟಿಹೋಗಿರುತ್ತವೆ.

ದೂರದಿಂದ ಬರಬೇಕಲ್ಲ ಅದಕ್ಕೆ ತಡ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನಿಮ್ಮ ಬೆಳಗಾವಿಗೆ ಮುಂಬೈಯೂ ಬೆಂಗಳೂರೂ ಹೆಚ್ಚುಕಡಿಮೆ 500 ಕಿಲೋಮೀಟರ್. ಹೋಗಿ ಬರೋಕೆ 5 ಮಿಲಿಸೆಕೆಂಡ್, ಕೇಬಲ್ ಸುತ್ತಿ ಬಳಸಿ ಬಂದರೂ ಹತ್ತೋ ಹದಿನೈದೋ. ಮಿಕ್ಕಿದ್ದೆಲ್ಲ ಬೇರೆ ಕಡೆ ಹೋಗುತ್ತದೆ. ಅಲ್ಲಿ ಸರ್ವರ್ ಪ್ರತಿ ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ ವಿಡಿಯೋ ಮಾಡಬೇಕು, ಇಲ್ಲಿ ನಿನ್ನ ಟಿವಿ ಅದನ್ನು ಬಿಚ್ಚಬೇಕು, ನಡುವೆ ನಿನ್ನ ಓಣಿಯ ಜನ ಎಲ್ಲಾ ರಾತ್ರಿ ಒಂಬತ್ತಕ್ಕೆ ಮೊಬೈಲ್ ಹಿಡಿದು ಕೂತಿರುತ್ತಾರೆ, ಆಮೇಲೆ ನಿನ್ನ ವೈಫೈ ಎರಡು ಗೋಡೆ ದಾಟಿ ಬರಬೇಕು.

ಇನ್ನೊಂದು ವಿಷಯ. ತಡ ಇದ್ದರೂ ಪರವಾಗಿಲ್ಲ, ಒಂದೇ ಸಮ ಇರಬೇಕು. ನಮ್ಮೂರಿಂದ ಇಂಡಿಗೆ ಹೋಗುವ ಬಸ್ ದಿನಾ ಹತ್ತು ನಿಮಿಷ ತಡ ಅಂದರೆ ನಾವೂ ಹತ್ತು ನಿಮಿಷ ತಡವಾಗಿ ಮನೆ ಬಿಡುತ್ತೇವೆ, ಮುಗೀತು. ಒಂದಿನ ಸರಿಯಾಗಿ ಬಂದು, ಮರುದಿನ ಅರ್ಧ ತಾಸು ತಡ ಆದರೆ ಏನು ಮಾಡೋದು? ಇದಕ್ಕೆ ಜಿಟರ್ ಅಂತಾರೆ. ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿಯಲ್ಲಿ ಇದು ಕಾಣೋದಿಲ್ಲ.

ರೌಟರ್‌ನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆ. ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡು, ಟಿವಿ ಮಾಡುವ ತಡ ಕಡಿಮೆ ಆಗುತ್ತದೆ, ಬಹಳ ಜನ ಅದನ್ನು ಮುಟ್ಟೋದೇ ಇಲ್ಲ. ಆಮೇಲೆ ರಾತ್ರಿ ಒಂಬತ್ತಕ್ಕೇ ಆಡಿ ನೋಡಿ ಬರೆ.

ನವನಗರದ ಅಕ್ಕ, ಬಾಗಲಕೋಟೆ

ಅಣ್ಣಾ ಹೇಳಿದ್ದು ಸರಿ. ನನಗೂ ಮೊದಲು ಇದು ತಲೆಗೆ ಹೋಗಿರಲಿಲ್ಲ, ಸಿನಿಮಾ ಚೆನ್ನಾಗಿ ಓಡುತ್ತದೆ ಆಟ ಯಾಕೆ ಓಡೋದಿಲ್ಲ ಅಂತ. ಸಿನಿಮಾ ಅಂದರೆ ಖಡಕ್ ರೊಟ್ಟಿ. ಮೊದಲೇ ಮಾಡಿ ಡಬ್ಬಿ ತುಂಬಿಟ್ಟಿರುತ್ತಾರೆ, ಮಧ್ಯೆ ಗ್ಯಾಸ್ ಹೋದರೂ ಊಟ ನಿಲ್ಲೋದಿಲ್ಲ. ಆಟ ಅಂದರೆ ಬಿಸಿ ರೊಟ್ಟಿ. ನೀವು ಗುಂಡಿ ಒತ್ತಿದ ಮೇಲೇ ಮುಂದಿನ ಚಿತ್ರ ತಟ್ಟಬೇಕು, ಹಂಚಿನಿಂದ ಸೀದಾ ತಾಟಿಗೆ. ತುಂಬಿಡೋಕೆ ಬರೋದಿಲ್ಲ.

ಆದರೆ ತಮ್ಮಾ, ನಾನು ನಿನ್ನ ಗೆಳೆಯನ ಕಡೆ. ನನ್ನ ಹತ್ತಿರ ಕನ್ಸೋಲ್ ಇಲ್ಲ, ಯಾವತ್ತೂ ಇರಲಿಲ್ಲ. ಮನೆಯಲ್ಲಿ "55 ಸಾವಿರ ಕೊಟ್ಟು ಆಟದ ಸಾಮಾನು ತರುತ್ತೇನೆ" ಅಂದರೆ ನಮ್ಮ ಅತ್ತೆ ಏನಂತಾರೆ ಅಂತ ಇಲ್ಲಿ ಬರೆಯೋಕಾಗೋದಿಲ್ಲ. ಎಕ್ಸ್‌ಬಾಕ್ಸ್‌ನ ತಿಂಗಳಿಗೆ 499ರ ಪ್ಲಾನ್ ಹಾಕಿಸಿದ್ದೇನೆ, ಹಳೆಯ ಫೋನಿಗೆ ಒಂದು ಸೆಕೆಂಡ್ ಹ್ಯಾಂಡ್ ಕಂಟ್ರೋಲರ್ ಜೋಡಿಸಿದ್ದೇನೆ. ಮಕ್ಕಳು ಮಲಗಿದ ಮೇಲೆ ಒಂದು ತಾಸು ನನ್ನದು. ರೇಸ್ ಆಡೋದಿಲ್ಲ, ಗುಂಡು ಹೊಡೆಯೋದೂ ಇಲ್ಲ. ಕಥೆ ಇರುವ ಆಟ, ಸರದಿ ಪ್ರಕಾರ ಆಡುವ ಆಟ, ಹೊಲ ಮಾಡುವ ಆಟ. ಅವುಗಳಲ್ಲಿ 110 ಮಿಲಿಸೆಕೆಂಡ್ ತಡವಾದರೆ ನನ್ನ ಬೆಳೆಯೇನೂ ಒಣಗೋದಿಲ್ಲ.

ಇನ್ನೊಂದು ಯಾರೂ ಹೇಳೋದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೋಗೋದು ನಿಮಗೆ ಗೊತ್ತೇ ಇದೆ. ಪಿಎಸ್5 ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿವಿ ಬೇರೆ. ನನ್ನದು ಫೋನು ಮತ್ತು ರೌಟರ್ ಅಷ್ಟೇ. ರೌಟರ್‌ಗೆ ಒಂದು ಪುಟ್ಟ ಯುಪಿಎಸ್ ಇಟ್ಟಿದ್ದೇನೆ. ಇಡೀ ಸೆಕ್ಟರ್ ಕತ್ತಲಾದಾಗಲೂ ನಾನು ಮಾಳಿಗೆ ಮೇಲೆ ಕೂತು ಆಡಿದ್ದೇನೆ, ಸೊಳ್ಳೆ ಹೊಡೆಯುತ್ತಾ.

ಮೊಬೈಲ್ ಡೇಟಾದಲ್ಲಿ ಮಾತ್ರ ಬೇಡ. 10 ಎಂಬಿಪಿಎಸ್ ಅಂದರೆ ತಾಸಿಗೆ 4.5 ಜಿಬಿ. ದಿನದ 2 ಜಿಬಿ ಅರ್ಧ ತಾಸಿನೊಳಗೆ ಖಾಲಿ.

ಖಡೇಬಜಾರ್ ಕಾಕಾ

ಈ "ಇನ್ನು ಎಲ್ಲಾ ಕ್ಲೌಡ್" ಅನ್ನೋದನ್ನು ನಾನು 2010ರಿಂದ ಕೇಳುತ್ತಿದ್ದೇನೆ. ಆಗ ಅಮೆರಿಕದಲ್ಲಿ ಆನ್‌ಲೈವ್ ಅಂತ ಒಂದು ಕ್ಲೌಡ್ ಕಂಪನಿ ಬಂತು, ಕನ್ಸೋಲ್ ಸತ್ತೇ ಹೋಯ್ತು ಅಂತ ಬರೆದರು. 2015ರಲ್ಲಿ ಬಾಗಿಲು ಹಾಕಿತು, ಅದರ ಪೇಟೆಂಟ್ ಸೋನಿ ತಗೊಂಡಿತು. ಅದಕ್ಕೂ ಮೊದಲು 2012ರಲ್ಲಿ ಸೋನಿಯವರು ಗೈಕೈ ಅನ್ನೋ ಕ್ಲೌಡ್ ಕಂಪನಿಗೆ 38 ಕೋಟಿ ಡಾಲರ್ ಕೊಟ್ಟಿದ್ದರು. ಅಷ್ಟು ಹಿಂದೆಯೇ ಎರಡನ್ನೂ ಕೊಂಡವರು ಇವತ್ತಿಗೂ ಏನು ಮಾರುತ್ತಿದ್ದಾರೆ? ಡಬ್ಬಿ! 2022ರಲ್ಲಿ ಸೋನಿಯ ಚಂದಾ ಪ್ಲಾನ್ ಪ್ಲೇಸ್ಟೇಷನ್ ಪ್ಲಸ್ ಹೊಸದಾಗಿ ಬಂದಾಗ ಕೆಲವು ದೇಶಕ್ಕೆ ಪ್ರೀಮಿಯಂ ಕೊಟ್ಟರು, ನಮಗೆ ಡಿಲಕ್ಸ್ ಕೊಟ್ಟರು. ಹೆಸರು ಕೇಳೋಕೆ ಛಲೋ ಇದೆ, ಒಳಗೆ ಕ್ಲೌಡ್ ಇರಲಿಲ್ಲ.

ಗೂಗಲ್‌ನವರು 2019ರ ನವೆಂಬರ್‌ನಲ್ಲಿ ಸ್ಟೇಡಿಯಾ ಅನ್ನೋ ಕ್ಲೌಡ್ ಆಟದ ಸೇವೆ ತಂದರು, ನಮ್ಮ ದೇಶಕ್ಕೆ ಬರಲೇ ಇಲ್ಲ. 2023ರ ಜನವರಿ 18ಕ್ಕೆ ಮುಚ್ಚಿದರು. ಗೂಗಲ್‌ನಂಥ ಗೂಗಲ್‌ಗೇ ಆಗಲಿಲ್ಲ.

ಈಗ ಲೆಕ್ಕ ಹಾಕು. 2025ರ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್‌ನ ದೊಡ್ಡ ಪ್ಲಾನ್ ಗೇಮ್ ಪಾಸ್ ಅಲ್ಟಿಮೇಟ್ ತಿಂಗಳಿಗೆ 829ರಿಂದ ಒಂದೇ ಏಟಿಗೆ 1,389 ಆಯ್ತು. ಆ ದರದಲ್ಲಿ ಮೂರು ವರ್ಷ ಕಟ್ಟಿದರೆ 50,004 ರೂಪಾಯಿ. ಪಿಎಸ್5 ಬಂದಾಗ ಇದ್ದ ಬೆಲೆ! ಮೂರು ವರ್ಷ ಆದ ಮೇಲೆ ನಿನ್ನ ಕೈಯಲ್ಲಿ ಏನಿದೆ? ಕಟ್ಟೋದು ನಿಲ್ಲಿಸಿದ ದಿನ ಎಲ್ಲಾ ಬಂದ್.

ನಾನು ಡಿಸ್ಕ್ ಮಂದಿ. 4,999ರ ಆಟ ಬಂದ ವಾರ ಮುಟ್ಟೋದಿಲ್ಲ. ಆರು ತಿಂಗಳು ಬಿಟ್ಟು ಯಾರೋ ಮುಗಿಸಿದವರ ಹತ್ತಿರ 2,500ಕ್ಕೆ ತಗೋತೇನೆ, ಮುಗಿಸಿ 2,000ಕ್ಕೆ ಮಾರುತ್ತೇನೆ. ಒಂದು ಆಟಕ್ಕೆ 500 ಬಿತ್ತು. ನಮ್ಮ ಊರಲ್ಲಿ ಹೀಗೆ ಕೈ ಬದಲಾಯಿಸುತ್ತಾ ಒಂದೇ ಡಿಸ್ಕ್ ಶಹಾಪುರ, ಕ್ಯಾಂಪ್, ವಡಗಾವಿ ಎಲ್ಲಾ ಸುತ್ತಿ ಎರಡು ವರ್ಷ ಆದ ಮೇಲೆ ತಿರುಗಿ ನನ್ನ ಹತ್ತಿರವೇ ಬಂದದ್ದಿದೆ. ಅದರ ಕವರ್ ಮೇಲೆ ನನ್ನ ಮಗ ಸಣ್ಣವನಿದ್ದಾಗ ಅಂಟಿಸಿದ ಸ್ಟಿಕ್ಕರ್ ಹಾಗೇ ಇತ್ತು. ಕ್ಲೌಡ್‌ನಲ್ಲಿ ಇದೆಲ್ಲ ಎಲ್ಲಿ?

ನವನಗರದ ಅಕ್ಕ, ಬಾಗಲಕೋಟೆ

ಕಾಕಾ, ಸ್ಟೇಡಿಯಾ ಮುಚ್ಚಿದಾಗ ಕೊಂಡ ಆಟದ ದುಡ್ಡು ವಾಪಸ್ ಕೊಟ್ಟರು, ಅದನ್ನೂ ಹೇಳಿ ಅಲ್ವಾ? ಬಹಳ ಜನರ ಸೇವ್, ಅಂದರೆ ಎಲ್ಲಿವರೆಗೆ ಆಡಿದ್ದರು ಅನ್ನೋದು, ಹೋದದ್ದು ನಿಜ. ಆಮೇಲೆ ನಿಮ್ಮ ಡಿಸ್ಕ್ ಹಾಕಿದ ಕೂಡಲೇ ಎಷ್ಟೋ ಜಿಬಿ ಅಪ್‌ಡೇಟ್ ಕೇಳುತ್ತದಲ್ಲ, ಅದು ಎಲ್ಲಿಂದ ಬರುತ್ತದೆ?

ಕ್ಲೌಡ್‌ಗೆ ಭವಿಷ್ಯವೇ ಇಲ್ಲ ಅನ್ನೋದಾದರೆ ಮೈಕ್ರೋಸಾಫ್ಟ್ ಆಕ್ಟಿವಿಷನ್ ಅನ್ನೋ ಆಟದ ಕಂಪನಿ ಕೊಳ್ಳೋಕೆ ಹೋದಾಗ 2023ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಅಡ್ಡಗಾಲು ಹಾಕಿದ್ದು ಯಾಕೆ? ಕ್ಲೌಡ್ ಆಟ ಎಲ್ಲಾ ಒಬ್ಬರ ಕೈಗೇ ಹೋಗುತ್ತದೆ ಅಂತ. ಕೊನೆಗೆ ಆಕ್ಟಿವಿಷನ್‌ನ ಆಗಿದ್ದ ಆಟ, ಮುಂದಿನ 15 ವರ್ಷದಲ್ಲಿ ಬರುವ ಆಟ ಎಲ್ಲದರ ಕ್ಲೌಡ್ ಹಕ್ಕನ್ನು ಯೂಬಿಸಾಫ್ಟ್ ಅನ್ನೋ ಇನ್ನೊಂದು ಆಟದ ಕಂಪನಿಗೆ ಕೊಟ್ಟ ಮೇಲೇ ಅಕ್ಟೋಬರ್‌ನಲ್ಲಿ ಬಿಟ್ಟರು. ಬೆಲೆ ಇಲ್ಲದ ಸಾಮಾನಿಗೆ ಯಾರೂ ಅಷ್ಟು ಜಗಳ ಆಡೋದಿಲ್ಲ ರೀ.

ಕನ್ಸೋಲ್ ಇದ್ದವರನ್ನು ಕೇಳಿದರೆ ಕ್ಲೌಡ್ ಬೇಡ ಅಂತಲೇ ಹೇಳುತ್ತಾರೆ. ಕನ್ಸೋಲ್ ತಗೊಳ್ಳೋಕೆ ಆಗದೇ ಇದ್ದವರನ್ನು ಒಂದು ಸಲ ಕೇಳಿ. ನಾವು ನಿಮ್ಮ ಡಬ್ಬಿ ಕಿತ್ತುಕೊಳ್ಳೋಕೆ ಬಂದಿಲ್ಲ.

ಗುಮ್ಮಟದ ನೆರಳು, ವಿಜಯಪುರ

ಅಕ್ಕನ ಮಾತು ನನಗೆ ಒಪ್ಪಿಗೆ. ನನ್ನ ಕೆಲಸದಲ್ಲಿ ಕಂಡದ್ದು ಹೇಳುತ್ತೇನೆ, ಊರಿನ ಮಧ್ಯೆ ಲೈನ್ ಸುಧಾರಿಸಿದಷ್ಟು ಬೇಗ ತಾಲೂಕಿನ ಹಳ್ಳಿಗಳಲ್ಲಿ ಸುಧಾರಿಸಿಲ್ಲ. ಒಂದು ಜೆಸಿಬಿ ರಸ್ತೆ ಅಗೆದರೆ ಎರಡು ದಿನ ಇಂಟರ್ನೆಟ್ ಇಲ್ಲ. ಹಾಗಿರುವಾಗ ಬರೀ ಕ್ಲೌಡ್ ಮೇಲೆ ನಡೆಯುವ ಕನ್ಸೋಲ್ ಯಾರಾದರೂ ಮಾರೋಕೆ ಬಂದರೆ ನಾನಂತೂ ಸದ್ಯ ತಗೊಳ್ಳೋದಿಲ್ಲ. ಡಬ್ಬಿಯ ಜೊತೆ ಕ್ಲೌಡ್ ಇರಲಿ, ಡೌನ್‌ಲೋಡ್ ಮಾಡೋಕೆ ಮೊದಲು ಆಟ ಹೇಗಿದೆ ಅಂತ ಹತ್ತು ನಿಮಿಷ ನೋಡೋಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಟಿಳಕವಾಡಿ ಹುಡುಗ

ಅಣ್ಣಾ, ಹೇಳಿದಂತೆ ಮಾಡಿದೆ. 15 ಮೀಟರ್ ಲ್ಯಾನ್ ಕೇಬಲ್ ತಂದು ಬಾಗಿಲ ಮೇಲಿಂದ ಎಳೆದೆ, ಅವ್ವ ಅದರ ಮೇಲೆ ಈಗಾಗಲೇ ಟವೆಲ್ ಒಣಹಾಕಿದ್ದಾರೆ. ಗೇಮ್ ಮೋಡ್ ಆಫ್ ಇತ್ತು! ಮೂರು ವರ್ಷದಿಂದ! ಪಿಎಸ್4 ಕೂಡ ಈಗ ಬೇರೆ ಮಷಿನ್ ತರಹ ಅನಿಸುತ್ತಿದೆ.

ಐದು ದಿನ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಆಡಿದೆ. ಮೂರು ದಿನ ಛಲೋ ಓಡಿತು. ನಾಲ್ಕನೇ ದಿನ ಮಳೆ, ಓಣಿಯ ಮರದ ಟೊಂಗೆ ಕೇಬಲ್ ಮೇಲೆ ಬಿದ್ದು ಲೈನೇ ಇಲ್ಲ. ಐದನೇ ದಿನ ಮತ್ತೆ ಅದೇ ಗೋಡೆ.

ಅಕ್ಕಾ, 499ರ ಪ್ಲಾನ್‌ಗೆ ಇಳಿಸುತ್ತೇನೆ, ಹೊಲದ ಆಟ ತಂಗಿಗೆ ಹಿಡಿಸಿದೆ. ರೇಸ್‌ಗೆ ಮಾತ್ರ ನನಗೆ ಡಬ್ಬಿಯೇ ಬೇಕು. ಡಿಸ್ಕ್ ಹಾಕುವಂಥದ್ದೇ ತಗೋತೇನೆ, ದೀಪಾವಳಿಗೆ ಆಫರ್ ಬರುವವರೆಗೆ ಈ ಗಿರಣಿಯೇ ಓಡಲಿ.

ಕಾಕಾ, ಪಿಎಸ್4ಗೆ ಹೋಗುವ ರೇಸ್ ಆಟ ಏನಾದರೂ ನಿಮ್ಮ ಹತ್ತಿರ ಇದೆಯಾ? 1,000ದ ಒಳಗೆ.

ಖಡೇಬಜಾರ್ ಕಾಕಾ

ಇದೆ. 1,100. ಕವರ್ ಒಡೆದಿದೆ, ಡಿಸ್ಕ್ ಮೇಲೆ ಒಂದು ಗೀರೂ ಇಲ್ಲ. ಶನಿವಾರ ಸಂಜೆ ಬಾ, ನಿನ್ನ ಕಣ್ಣೆದುರೇ ಹಾಕಿ ತೋರಿಸುತ್ತೇನೆ.