ಸಹಾಯ ಬೇಕು: ಫೈಬರ್ ದೋಣಿ ಬಿಟ್ಟು ಅಲ್ಯೂಮಿನಿಯಂ ಮಾಡಿಸ್ಬೇಕಂತೀನಿ, ರಿವೆಟ್ಟೋ ವೆಲ್ಡಿಂಗೋ?

ಎಲ್ಲರಿಗೂ ಶರಣ್ರಿ. ನಾವು ಯಾದಗಿರಿ ಜಿಲ್ಲಾ ನಾರಾಯಣಪುರ ಕಡಿಯವರು. ಬಸವಸಾಗರದ ಹಿನ್ನೀರಿನ್ಯಾಗ ನಾನು, ನನ್ನ ತಮ್ಮ ಇಬ್ರೂ ಮೀನು ಹಿಡಿಯೋ ಬಲಿ ಹಾಕ್ತೀವಿ. ರೋಹು, ಕಾಟ್ಲಾ ಸಿಗ್ತಾವ, ಅದರ ಮ್ಯಾಲೇ ಮನಿ ನಡೀತದ. ಅಪ್ಪ ಹರಿಗೋಲಿನ್ಯಾಗೇ ಜೀವನ ತೆಗೆದ. ನಾವು ಏಳು ವರ್ಷದ ಹಿಂದ 16 ಅಡಿ ಫೈಬರ್ ದೋಣಿ ತೊಗೊಂಡ್ವಿ.

ಬ್ಯಾಸಿಗ್ಯಾಗ ನೀರು ಇಳೀತಂದ್ರ ಬಂಡಿಗಲ್ಲು ಮ್ಯಾಲ ಬರ್ತಾವ. ತಳ ತಿಕ್ಕಿ ತಿಕ್ಕಿ ಸೀಳು ಬಿಟ್ಟದ. ಮೂರು ಸಲ ಉಜ್ಜಿ, ಒಣಗಿಸಿ, ಗಾಜಿನ ನಾರಿನ ಮ್ಯಾಟ್ ಇಟ್ಟು ಮ್ಯಾಲ ರೆಸಿನ್ ಅಂಬೋ ಅಂಟು ಹಚ್ಚೀವಿ. ಒಂದು ತಿಂಗಳು ತಡೀತದ, ಮತ್ತ ಬಾಜೂಕ್ಕೇ ಸೀಳ್ತದ. ಒಳಗ ನೀರು ಹೀರಿ ಭಾರಾನೂ ಆಗೇದ, ದಂಡಿಗೆ ಎಳೀಲಕ್ಕ ನಾಲ್ಕು ಮಂದಿ ಬೇಕು. ತಮ್ಮಗ ಸೊಂಟ ನೋವು ಸುರು ಆಗೇದ, ಅದೇ ನನಗ ದೊಡ್ಡ ಚಿಂತಿ.

ಅಲ್ಯೂಮಿನಿಯಂ ಹಗುರ, ಕಲ್ಲಿಗೆ ಬಡಿದ್ರ ತೆಗ್ಗು ಬೀಳ್ತದ, ಫೈಬರ್‌ನಂಗ ಸೀಳಂಗಿಲ್ಲ ಅಂತ ತಿಳಕೊಂಡೀನಿ. ಕಬ್ಬಿಣದ ಬೋಲ್ಟ್ ತಾಗಿದಲ್ಲಿ ಅಲ್ಯೂಮಿನಿಯಂ ತಿಂದು ಹೋಗ್ತದ, ಅದಕ್ಕ ಎಂಜಿನ್ ಕೂಡ್ಸೋ ಕಡಿ ನಡುವ ರಬ್ಬರ್ ಹಾಕಿಸ್ತೀನಿ. ಇಲ್ಲಿತನ ತಿಳೀತು.

ಮುಂದ ಸಿಕ್ಕೊಂಡೀನಿ. ಒಬ್ಬ ಮಿಸ್ತ್ರಿ 2 ಮಿ.ಮೀ. ಹಾಳಿ, ರಿವೆಟ್ (ಹಾಳಿ ಕೂಡ್ಸೋ ಲೋಹದ ಮೊಳಿ) ಹೊಡೆದು ಮಾಡ್ತೀನಿ ಅಂತಾನ. ಇನ್ನೊಬ್ಬ, ರಿವೆಟ್ ಸಡಿಲಾಗಿ ಸೋರ್ತದ, 3 ಮಿ.ಮೀ. ವೆಲ್ಡಿಂಗೇ ಮಾಡಿಸು ಅಂತಾನ. ಅದಕ್ಕ ರೊಕ್ಕ ಭಾಳ, ತೂಕಾನೂ ಜಾಸ್ತಿ. ಹಂಗಂತ ತೀರಾ ಹಗುರ ಮಾಡಿಸಿದ್ರ ಆಷಾಢದ ಗಾಳಿಗೆ ಬಲಿ ಎಳಿಯೋಮುಂದ ದೋಣಿ ನಿಲ್ತದೋ ಇಲ್ಲೋ ಅಂಬೋ ಅಂಜಿಕಿ.

ಕಲ್ಲು ಇರೋ ನೀರಿನ್ಯಾಗ ಅಲ್ಯೂಮಿನಿಯಂ ದೋಣಿ ನಡಿಸಿದ ಅಣ್ಣಾರು, ಕಾಕಾರು ಹೇಳ್ರಿ: ಇಬ್ಬರು ಮಂದಿ, 9.9 ಎಚ್‌ಪಿ ಎಂಜಿನ್, 16 ಅಡಿ ದೋಣಿಗೆ 2 ಮಿ.ಮೀ. ರಿವೆಟ್ ಸಾಕೋ, 3 ಮಿ.ಮೀ. ವೆಲ್ಡಿಂಗೇ ಬೇಕೋ?